ಮಕ್ಕಳ ಆಸ್ತಮಾಕ್ಕೆ ಅಲರ್ಜಿ ಇಂಜೆಕ್ಷನ್: ಮೈಯೊಳಗೆ ಏನು ಬದಲಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಲರ್ಜಿ ಟೆಸ್ಟ್ ಆದ ಮೇಲೆ ಡಾಕ್ಟರು "ಇಮ್ಯುನೋಥೆರಪಿ ಶುರು ಮಾಡೋಣ" ಅಂದುಬಿಟ್ಟರೆ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಮೂರು ವರ್ಷ ಸೂಜಿನಾ? ಮಗುವಿನ ಇಮ್ಯುನಿಟಿ ಹಾಳಾಗಲ್ವಾ? ಇನ್ಹೇಲರ್ ಬಿಡಬಹುದಾ? ಇಂಥ ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ತೆಗೆದುಕೊಂಡಿದ್ದೇವೆ. ನಿಮ್ಮ ಮಗುವಿನ ವಿಷಯದಲ್ಲಿ ಕೊನೆಯ ಮಾತು ಅವನನ್ನು ಪರೀಕ್ಷೆ ಮಾಡಿದ ಡಾಕ್ಟರದ್ದೇ.

ಇಮ್ಯುನೋಥೆರಪಿ ಅಂದರೆ ಏನು?

ಯಾವುದಕ್ಕೆ ಅಲರ್ಜಿ ಇದೆಯೋ ಅದನ್ನೇ ದೇಹಕ್ಕೆ ಕೊಡುವುದು. ಮೊದಲು ತೀರಾ ಸ್ವಲ್ಪ, ಆಮೇಲೆ ವಾರವಾರ ಜಾಸ್ತಿ ಮಾಡುತ್ತಾ ಹೋಗುವುದು. ಒಂದು ಮಟ್ಟಕ್ಕೆ ಬಂದ ಮೇಲೆ ಅದೇ ಡೋಸನ್ನು ತಿಂಗಳಿಗೊಮ್ಮೆಯಂತೆ ಮೂರರಿಂದ ಐದು ವರ್ಷ ಮುಂದುವರಿಸುತ್ತಾರೆ. ಚರ್ಮದ ಕೆಳಗೆ ಇಂಜೆಕ್ಷನ್ ಕೊಡುವುದು ಒಂದು ದಾರಿ. ನಾಲಿಗೆ ಕೆಳಗೆ ಹನಿ ಅಥವಾ ಮಾತ್ರೆ ಇಡುವುದು ಇನ್ನೊಂದು.

ಇದು ಹೊಸ ಪ್ರಯೋಗವೇನಲ್ಲ. 1911ರಲ್ಲೇ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಲೆನಾರ್ಡ್ ನೂನ್ ಎಂಬ ವೈದ್ಯರು ಹುಲ್ಲಿನ ಪರಾಗದ ಸಾರವನ್ನು ರೋಗಿಗಳಿಗೆ ಚುಚ್ಚಿ, ಅದರ ಬಗ್ಗೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು. ಪರಾಗದಲ್ಲಿ ಏನೋ ವಿಷ ಇದೆ, ಅದಕ್ಕೆ ದೇಹವನ್ನು ಒಗ್ಗಿಸಬೇಕು ಅನ್ನುವುದು ಅವರ ಲೆಕ್ಕ. ಲೆಕ್ಕ ತಪ್ಪು, ಮದ್ದು ಸರಿ! ಅಲರ್ಜಿಗೆ ಕಾರಣವಾದ ಐಜಿಇ ಎಂಬ ಪ್ರತಿಕಾಯ ಪತ್ತೆಯಾಗಿದ್ದು 1960ರ ದಶಕದ ಕೊನೆಯಲ್ಲಿ. ಅಂದರೆ ಅರ್ಧ ಶತಮಾನಕ್ಕೂ ಜಾಸ್ತಿ ಕಾಲ, ಯಾಕೆ ಕೆಲಸ ಮಾಡುತ್ತೆ ಅಂತ ಗೊತ್ತಿಲ್ಲದೆಯೇ ಈ ಚಿಕಿತ್ಸೆ ಕೊಟ್ಟಿದ್ದಾರೆ.

ಅಲರ್ಜಿಯಿಂದ ಉಬ್ಬಸ ಬರುವುದು ಹೇಗೆ?

ನಮ್ಮಲ್ಲಿ ದೊಡ್ಡ ಆರೋಪಿ ಧೂಳಿನ ಹುಳ, ಅಂದರೆ ಡಸ್ಟ್ ಮೈಟ್. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೇ ಇರುವ ಜೀವಿ. ನಮ್ಮ ಚರ್ಮದಿಂದ ಉದುರುವ ಹೊಟ್ಟನ್ನು ತಿನ್ನುತ್ತದೆ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಹತ್ತಿ ಹಾಸಿಗೆ, ದಿಂಬು, ರಗ್ಗು ಅದಕ್ಕೆ ಸ್ವರ್ಗ. ಮಂಗಳೂರಿನ ಮಳೆಗಾಲದ ಬಗ್ಗೆ ಹೇಳುವುದೇ ಬೇಡ. ತೊಂದರೆ ಕೊಡುವುದು ಬಹುಪಾಲು ಅದರ ಹಿಕ್ಕೆ. ಅದರಲ್ಲಿ ಡರ್ ಪಿ 1 ಎಂಬ ಪ್ರೋಟೀನ್ ಇದೆ. ಇದು ಪ್ರೋಟೀನನ್ನು ಕತ್ತರಿಸುವ ಕಿಣ್ವ, ಶ್ವಾಸನಾಳದ ಒಳಪದರದ ಜೀವಕೋಶಗಳ ನಡುವಿನ ಬೆಸುಗೆಯನ್ನೇ ಸಡಿಲ ಮಾಡುತ್ತದೆ.

ಒಳಗೆ ಹೋದ ಈ ಪ್ರೋಟೀನನ್ನು ಕಾವಲು ಕೋಶಗಳು ಹಿಡಿದು, ರೋಗನಿರೋಧಕ ವ್ಯವಸ್ಥೆಗೆ ಆದೇಶ ಕೊಡುವ ಟಿ ಕೋಶಗಳಿಗೆ ತೋರಿಸುತ್ತವೆ. ಅಲರ್ಜಿ ಇಲ್ಲದ ಮಗುವಿನಲ್ಲಿ ಕಥೆ ಅಲ್ಲಿಗೆ ಮುಗಿಯಿತು. ಅಲರ್ಜಿ ಇರುವ ಮಗುವಿನಲ್ಲಿ 'ಟಿಎಚ್2' ಎಂಬ ಗುಂಪು ಮೇಲುಗೈ ಸಾಧಿಸುತ್ತದೆ. ಈ ಗುಂಪು ಮೂರು ಮುಖ್ಯ ಸಂಕೇತಗಳನ್ನು ಕಳಿಸುತ್ತದೆ. ಇಂಟರ್‌ಲ್ಯೂಕಿನ್-4 ಬಂದರೆ ಬಿ ಕೋಶಗಳು ಐಜಿಇ ತಯಾರಿಸುತ್ತವೆ. ಇಂಟರ್‌ಲ್ಯೂಕಿನ್-5 ಬಂದರೆ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಹೆಚ್ಚುತ್ತವೆ. ಇಂಟರ್‌ಲ್ಯೂಕಿನ್-13 ಬಂದರೆ ಕಫ ಜಾಸ್ತಿ, ಶ್ವಾಸನಾಳವೂ ಮುಟ್ಟಿದರೆ ಮುನಿಯಂತಾಗುತ್ತದೆ.

ತಯಾರಾದ ಐಜಿಇ ಹೋಗಿ ಮಾಸ್ಟ್ ಕೋಶಗಳ ಮೇಲೆ ಕೂರುತ್ತದೆ. ಮುಂದಿನ ಸಲ ಹಾಸಿಗೆ ಕೊಡವಿದಾಗ ಹುಳದ ಪ್ರೋಟೀನ್ ಬಂದು ಅದಕ್ಕೆ ಅಂಟುತ್ತದೆ, ಮಾಸ್ಟ್ ಕೋಶ ಹಿಸ್ಟಮಿನ್ ಎಂಬ ಕೆರಳಿಸುವ ರಾಸಾಯನಿಕವನ್ನು ಚೆಲ್ಲುತ್ತದೆ. ನಿಮಿಷಗಳಲ್ಲಿ ಸೀನು, ಕೆಮ್ಮು, ಎದೆಯಲ್ಲಿ ಸುಯ್ ಸುಯ್ ಶಬ್ದ. ಎಷ್ಟೋ ಮಕ್ಕಳಲ್ಲಿ ಇದು ಅಲ್ಲಿಗೇ ನಿಲ್ಲಲ್ಲ. ನಾಲ್ಕರಿಂದ ಎಂಟು ಗಂಟೆ ಆದ ಮೇಲೆ ಇಯೋಸಿನೊಫಿಲ್‌ಗಳು ಬಂದು ಸೇರಿ ಎರಡನೇ ಅಲೆ ಏಳುತ್ತದೆ. ಸಂಜೆ ಅಟ್ಟ ಗುಡಿಸುವಾಗ ಪಕ್ಕದಲ್ಲಿದ್ದ ಮಗು ರಾತ್ರಿ ದಮ್ಮು ಕಟ್ಟಿ ಎದ್ದು ಕೂರುವುದಕ್ಕೆ ಇದೂ ಒಂದು ಕಾರಣ.

ಇಂಜೆಕ್ಷನ್ ಶುರುವಾದ ಮೇಲೆ ಇದರಲ್ಲಿ ಏನು ಬದಲಾಗುತ್ತದೆ?

ಬದಲಾವಣೆ ಒಂದೇ ಸಲ ಆಗುವುದಿಲ್ಲ, ಹಂತಹಂತವಾಗಿ ಆಗುತ್ತದೆ.

ಮೊದಲ ಕೆಲವು ವಾರಗಳಲ್ಲಿ ಮಾಸ್ಟ್ ಕೋಶಗಳು ಮತ್ತು ಅವುಗಳ ಸಂಬಂಧಿಗಳಾದ ಬೇಸೊಫಿಲ್‌ಗಳು ಸ್ವಲ್ಪ ಮಂದವಾಗುತ್ತವೆ. ಐಜಿಇ ಇನ್ನೂ ಹಾಗೇ ಇರುತ್ತದೆ, ಆದರೆ ಹಿಸ್ಟಮಿನ್ ಚೆಲ್ಲುವ ಅವಸರ ಕಡಿಮೆಯಾಗುತ್ತದೆ.

ಮುಂದಿನ ವಾರ, ತಿಂಗಳುಗಳಲ್ಲಿ ನಿಜವಾದ ಕೆಲಸ ನಡೆಯುತ್ತದೆ. ನಿಯಂತ್ರಕ ಟಿ ಕೋಶಗಳು, ಅಂದರೆ 'ಟಿ ರೆಗ್' ಅನ್ನುವ ಗುಂಪು, ಬಲವಾಗುತ್ತದೆ. ಇವು ಇಂಟರ್‌ಲ್ಯೂಕಿನ್-10, ಟಿಜಿಎಫ್-ಬೀಟಾ ಎಂಬ ಶಮನ ಸಂಕೇತಗಳನ್ನು ಕಳಿಸುತ್ತವೆ. ಟಿಎಚ್2 ಗುಂಪು ತಗ್ಗುತ್ತದೆ. ಇಂಟರ್‌ಲ್ಯೂಕಿನ್-10 ಸಿಕ್ಕ ಬಿ ಕೋಶಗಳು ಐಜಿಜಿ4 ಎಂಬ ಬೇರೆ ಪ್ರತಿಕಾಯ ತಯಾರಿಸಲು ಶುರುಮಾಡುತ್ತವೆ. ಈ ಐಜಿಜಿ4 ಹತ್ತು, ನೂರು ಪಟ್ಟು ಏರುವುದುಂಟು. ಮನೆ ಗೇಟಿನಲ್ಲೇ ಸೇಲ್ಸ್‌ನವರನ್ನು ಮಾತಾಡಿಸಿ ಕಳಿಸಿಬಿಡುವ ವಾಚ್‌ಮನ್ ಹಾಗೆ, ಅಲರ್ಜಿ ವಸ್ತು ಐಜಿಇಗೆ ತಗಲುವ ಮೊದಲೇ ಅದನ್ನು ಹಿಡಿದುಕೊಳ್ಳುತ್ತದೆ. ತಾನು ಮಾತ್ರ ಉರಿಯೂತ ಎಬ್ಬಿಸುವುದಿಲ್ಲ.

ವರ್ಷ ದಾಟಿದ ಮೇಲೆ ಶ್ವಾಸನಾಳ, ಮೂಗಿನ ಒಳಪದರಗಳಲ್ಲಿ ಇಯೋಸಿನೊಫಿಲ್, ಮಾಸ್ಟ್ ಕೋಶಗಳ ಸಂಖ್ಯೆ ಇಳಿಯುತ್ತಾ ಬರುತ್ತದೆ. ಐಜಿಇ ವಿಷಯದಲ್ಲಿ ಒಂದು ತಮಾಷೆ ಇದೆ. ಮೊದಲ ತಿಂಗಳುಗಳಲ್ಲಿ ಅದು ಏರುತ್ತದೆ! ಆಮೇಲೆ ವರ್ಷಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ. ಗೊತ್ತಿಲ್ಲದೆ ಮೂರನೇ ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ "ಇನ್ನೂ ಜಾಸ್ತಿ ಆಗಿದೆಯಲ್ಲಾ" ಅಂತ ಗಾಬರಿಯಾಗಬೇಡಿ.

ಇದೆಲ್ಲ ಲ್ಯಾಬಿನ ಕಲ್ಪನೆ ಅಂತ ಯಾರಾದರೂ ಅಂದರೆ ಜೇನು ಸಾಕುವವರನ್ನು ನೋಡಿ. ಮತ್ತೆ ಮತ್ತೆ ಕುಟುಕಿಸಿಕೊಂಡವರ ರಕ್ತದಲ್ಲಿ ಜೇನಿನ ವಿಷಕ್ಕೆ ಎದುರಾದ ಐಜಿಜಿ4 ತುಂಬಾ ಇರುತ್ತದೆ, ಇಂಟರ್‌ಲ್ಯೂಕಿನ್-10 ಕೂಡ ಏರುತ್ತದೆ. ಡಾಕ್ಟರು ಸಿರಿಂಜಿನಲ್ಲಿ ಮಾಡುವುದನ್ನು ಅವರಿಗೆ ಜೇನುಹುಳಗಳೇ ಮಾಡಿವೆ.

ಹಾಗಾದರೆ ಮಗುವಿನ ರೋಗನಿರೋಧಕ ಶಕ್ತಿ ಕುಗ್ಗುತ್ತಾ?

ಇಲ್ಲ. ಬದಲಾವಣೆ ಆಗುವುದು ಕೊಟ್ಟ ಅಲರ್ಜಿ ವಸ್ತುವಿನ ವಿಷಯದಲ್ಲಿ ಮಾತ್ರ. ಧೂಳಿನ ಹುಳಕ್ಕೆ ಕೊಟ್ಟರೆ ಧೂಳಿನ ಹುಳಕ್ಕೆ ಸಹನೆ ಬರುತ್ತದೆ. ವೈರಸ್, ಬ್ಯಾಕ್ಟೀರಿಯಾ ಎದುರು ಹೋರಾಡುವ ಶಕ್ತಿಗೆ ಇದರಿಂದ ಕುತ್ತಿಲ್ಲ. ವಯಸ್ಸಿಗೆ ತಕ್ಕ ಲಸಿಕೆಗಳನ್ನೂ ಹಾಕಿಸಬಹುದು. ಎರಡೂ ಒಂದೇ ದಿನ ಬೇಡ, ಅಷ್ಟೇ. ಜ್ವರವೋ ದದ್ದೋ ಬಂದರೆ ಯಾವುದರಿಂದ ಅಂತ ಗೊತ್ತಾಗಬೇಕಲ್ಲ.

ಇದು ಸ್ಟೀರಾಯ್ಡ್ ಇಂಜೆಕ್ಷನ್ನಾ?

ಅಲ್ಲವೇ ಅಲ್ಲ. ಆದರೆ ಕೇಳಿದ್ದು ಒಳ್ಳೆಯದಾಯಿತು. "ಅಲರ್ಜಿ ಇಂಜೆಕ್ಷನ್" ಅಂತ ಹೇಳಿ ದೀರ್ಘಕಾಲ ಮೈಯಲ್ಲಿ ಉಳಿಯುವ ಸ್ಟೀರಾಯ್ಡ್ ಚುಚ್ಚುವವರೂ ಇದ್ದಾರೆ. ಒಂದೇ ಸೂಜಿಗೆ ಎರಡು ದಿನದಲ್ಲಿ ಎಲ್ಲಾ ಮಾಯವಾದರೆ ಅನುಮಾನ ಪಡಿ. ಇಮ್ಯುನೋಥೆರಪಿ ಅಷ್ಟು ಬೇಗ ಕೆಲಸ ಮಾಡುವುದೇ ಇಲ್ಲ. ಬಾಟಲಿ ಮೇಲಿನ ಹೆಸರು ತೋರಿಸಿ ಅಂತ ಕೇಳುವುದು ನಿಮ್ಮ ಹಕ್ಕು.

ಯಾವ ಮಕ್ಕಳಿಗೆ ಇದು ಹೊಂದುತ್ತದೆ?

ಸಾಮಾನ್ಯವಾಗಿ ಐದು ವರ್ಷ ದಾಟಿರಬೇಕು. ಅದಕ್ಕಿಂತ ಚಿಕ್ಕ ಮಕ್ಕಳ ಉಬ್ಬಸ ಎಷ್ಟೋ ಸಲ ನೆಗಡಿಯ ವೈರಸ್‌ನಿಂದ ಬಂದಿರುತ್ತದೆ. ಅಲ್ಲದೆ "ಎದೆ ಬಿಗೀತಿದೆ, ಗಂಟಲಲ್ಲಿ ಏನೋ ಆಗ್ತಿದೆ" ಅಂತ ಸರಿಯಾಗಿ ಹೇಳಲೂ ಅವಕ್ಕೆ ಬರುವುದಿಲ್ಲ. ಆಸ್ತಮಾ ಸೌಮ್ಯ ಅಥವಾ ಮಧ್ಯಮ ಮಟ್ಟದ್ದಾಗಿರಬೇಕು, ಔಷಧಿಯಿಂದ ಹತೋಟಿಯಲ್ಲಿರಬೇಕು. ಹತೋಟಿ ತಪ್ಪಿದ ಆಸ್ತಮಾ ಇದ್ದರೆ ಮೊದಲು ಅದನ್ನು ಸರಿಮಾಡಿಕೊಂಡೇ ಮುಂದಿನ ಮಾತು.

ಎಲ್ಲಕ್ಕಿಂತ ಮುಖ್ಯವಾದದ್ದು, ಟೆಸ್ಟಿನಲ್ಲಿ ಬಂದದ್ದಕ್ಕೂ ಮಗುವಿಗೆ ಆಗುವುದಕ್ಕೂ ತಾಳೆಯಾಗಬೇಕು. ಚರ್ಮದ ಟೆಸ್ಟ್ ನೋಡಿದವರಿಗೆ ಗೊತ್ತಿರುತ್ತದೆ. ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ, ಒಂದೊಂದರ ಪಕ್ಕ ಒಂದೊಂದು ಹನಿ ಇಟ್ಟು, ಪುಟ್ಟ ಮೊನೆಯಿಂದ ಮೆಲ್ಲಗೆ ಚುಚ್ಚುತ್ತಾರೆ. ರಕ್ತ ಬರುವುದಿಲ್ಲ. ಹದಿನೈದು, ಇಪ್ಪತ್ತು ನಿಮಿಷ ಕೈ ಕೆರೆದುಕೊಳ್ಳದೆ ಕೂರಬೇಕು, ಮಕ್ಕಳಿಗೆ ಅದೇ ದೊಡ್ಡ ಶಿಕ್ಷೆ. ಆಮೇಲೆ ಸೊಳ್ಳೆ ಕಚ್ಚಿದಂತೆ ಎದ್ದ ಗುಳ್ಳೆಯನ್ನು ಸ್ಕೇಲಿನಿಂದ ಅಳೆಯುತ್ತಾರೆ. ಬರೀ ನೀರಿನಂಥ ಹನಿ ಹಾಕಿದ ಜಾಗಕ್ಕಿಂತ 3 ಮಿಲಿಮೀಟರ್ ಅಥವಾ ಜಾಸ್ತಿ ಇದ್ದರೆ ಪಾಸಿಟಿವ್. ಸೀನು, ತುರಿಕೆಗೆ ಕೊಡುವ ಸಿಟ್ರಿಜಿನ್ ಥರದ ಮಾತ್ರೆಗಳನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಿರಬೇಕು, ಇಲ್ಲದಿದ್ದರೆ ಗುಳ್ಳೆ ಏಳುವುದಿಲ್ಲ. ಇನ್ಹೇಲರ್ ನಿಲ್ಲಿಸಬೇಕಿಲ್ಲ.

ಪಾಸಿಟಿವ್ ಬಂದ ಮಾತ್ರಕ್ಕೆ ಅದೇ ಕಾರಣ ಅಂತಲ್ಲ. ಜಿರಳೆಗೆ ಗುಳ್ಳೆ ಎದ್ದಿದೆ, ಆದರೆ ಮಗುವಿಗೆ ತೊಂದರೆ ಆಗುವುದು ಹಾಸಿಗೆ ಕೊಡವಿದಾಗ ಮಾತ್ರ ಅಂದರೆ ಜಿರಳೆಯ ಹಿಂದೆ ಹೋಗಿ ಪ್ರಯೋಜನವಿಲ್ಲ.

ರಕ್ತದಲ್ಲಿ ಐಜಿಇ 1,200 ಬಂದಿದೆ. ಇಂಜೆಕ್ಷನ್ ಬೇಕೇ ಬೇಕಾ?

ಒಟ್ಟು ಐಜಿಇ ನೋಡಿ ತೀರ್ಮಾನ ಮಾಡುವುದಿಲ್ಲ. ಹೊಟ್ಟೆಯಲ್ಲಿ ಜಂತುಹುಳ ಇದ್ದರೂ, ಮೈಮೇಲೆ ಎಕ್ಸಿಮಾ ಇದ್ದರೂ ಅದು ಏರುತ್ತದೆ. ಬೇಕಿರುವುದು ನಿರ್ದಿಷ್ಟ ವಸ್ತುವಿಗೆ ಎದುರಾದ ಐಜಿಇ. ಇನ್ನು ಆಹಾರಕ್ಕೆ ಐಜಿಜಿ ಪರೀಕ್ಷೆ ಅಂತ ನೂರಾರು ಪದಾರ್ಥಗಳ ಪಟ್ಟಿ ಕೊಟ್ಟು ಹಾಲು, ಗೋಧಿ, ಬದನೆಕಾಯಿ ಎಲ್ಲ ಬಿಡಿಸುತ್ತಾರಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಅದು ಅಲರ್ಜಿ ಪರೀಕ್ಷೆಯೇ ಅಲ್ಲ.

ಟೆಸ್ಟಿನಲ್ಲಿ ಹತ್ತು ವಸ್ತು ಪಾಸಿಟಿವ್. ಎಲ್ಲವನ್ನೂ ಸೇರಿಸಿ ಒಂದೇ ಇಂಜೆಕ್ಷನ್ ಕೊಡುತ್ತಾರಂತೆ?

ಇಲ್ಲಿ ಸ್ವಲ್ಪ ನಿಲ್ಲಿ. 1997ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ತಂಡ ಒಂದು ಅಧ್ಯಯನ ಪ್ರಕಟಿಸಿತು. ವರ್ಷವಿಡೀ ಆಸ್ತಮಾ ಇರುವ 121 ಮಕ್ಕಳು. ಅರ್ಧ ಮಕ್ಕಳಿಗೆ ಏಳು ಅಲರ್ಜಿ ವಸ್ತುಗಳವರೆಗೂ ಸೇರಿಸಿದ ಮಿಶ್ರಣ, ಉಳಿದವರಿಗೆ ಹುಸಿ ಇಂಜೆಕ್ಷನ್. ಎರಡು ವರ್ಷಕ್ಕೂ ಮೇಲೆ ಕೊಟ್ಟರು. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು, ಔಷಧಿ ಕಡಿಮೆಯಾಯಿತು. ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಮಾತ್ರ ಕಾಣಲಿಲ್ಲ. ಸರಿಯಾದ ಔಷಧಿ, ನಿಯಮಿತ ತಪಾಸಣೆ ಎರಡೂ ಗುಂಪಿಗೆ ಸಿಕ್ಕಿತ್ತು ಅನ್ನುವುದನ್ನು ಮರೆಯಬಾರದು.

ಒಂದು ವಸ್ತುವನ್ನು ಗುರುತಿಸಿ ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಸಿಕ್ಕ ಫಲಿತಾಂಶ ಇದಕ್ಕಿಂತ ಚೆನ್ನಾಗಿದೆ. ಹೆಚ್ಚು ವಸ್ತು ಬೆರೆಸಿದರೆ ಒಂದೊಂದರ ಪ್ರಮಾಣವೂ ತೆಳುವಾಗುತ್ತದೆ. ಬೂಷ್ಟು, ಜಿರಳೆಯ ಸಾರಗಳಲ್ಲಿರುವ ಕಿಣ್ವಗಳು ಪರಾಗದ ಪ್ರೋಟೀನನ್ನು ಬಾಟಲಿಯೊಳಗೇ ಕತ್ತರಿಸಿಬಿಡಬಹುದು. ಹತ್ತು ಹೆಸರಿನ ಮಿಶ್ರಣದ ಚೀಟಿ ಕೈಗೆ ಬಂದರೆ, "ಇದರಲ್ಲಿ ನನ್ನ ಮಗುವಿಗೆ ನಿಜವಾಗಿ ತೊಂದರೆ ಕೊಡುತ್ತಿರುವುದು ಯಾವುದು?" ಎಂದು ಕೇಳಿಯೇ ಮುಂದೆ ಹೋಗಿ. ನನ್ನ ಪ್ರಕಾರ ಇಡೀ ವಿಷಯದಲ್ಲಿ ತಂದೆತಾಯಿ ಕೇಳಬೇಕಾದ ಪ್ರಶ್ನೆ ಇದೊಂದೇ, ಉಳಿದದ್ದೆಲ್ಲ ಆಮೇಲೆ.

ಎಷ್ಟರ ಮಟ್ಟಿಗೆ ಗುಣವಾಗುತ್ತದೆ?

2010ರಲ್ಲಿ ಕೊಕ್ರೇನ್ ಸಂಸ್ಥೆ 88 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ದೊಡ್ಡವರು, ಮಕ್ಕಳು ಇಬ್ಬರೂ ಅದರಲ್ಲಿದ್ದರು. ಇಂಜೆಕ್ಷನ್ ಪಡೆದವರಲ್ಲಿ ಆಸ್ತಮಾದ ಲಕ್ಷಣ, ಔಷಧಿಯ ಅಗತ್ಯ ಎರಡೂ ಕಡಿಮೆಯಾಗಿದ್ದವು. ಅದೇ ಅಲರ್ಜಿ ವಸ್ತುವನ್ನು ಉಸಿರಾಡಿದಾಗ ಶ್ವಾಸನಾಳ ಮುನಿಯುವುದೂ ತಗ್ಗಿತ್ತು. ಆದರೆ ಊದುವ ಪರೀಕ್ಷೆಯಲ್ಲಿ ಶ್ವಾಸಕೋಶದ ಸಾಮರ್ಥ್ಯ ಎಲ್ಲರಲ್ಲೂ ಒಂದೇ ಥರ ಏರಲಿಲ್ಲ. ಅಂದರೆ ಮಗು ಆರಾಮಾಗಿರುತ್ತದೆ, ರಿಪೋರ್ಟಿನ ಅಂಕಿ ಹಾಗೇ ಇರಬಹುದು.

ಮಕ್ಕಳ ಮಟ್ಟಿಗೆ ಇನ್ನೊಂದು ಆಸೆ ಇದೆ. ಮೂಗಿನ ಅಲರ್ಜಿ ಮಾತ್ರ ಇರುವಾಗಲೇ ಕೊಟ್ಟರೆ ಮುಂದೆ ಆಸ್ತಮಾ ಬರದಂತೆ ತಡೆಯಬಹುದಾ? ಯುರೋಪಿನ 'ಪಿಎಟಿ' ಅಧ್ಯಯನದಲ್ಲಿ 6ರಿಂದ 14 ವರ್ಷದ 205 ಮಕ್ಕಳಿದ್ದರು, ಎಲ್ಲರಿಗೂ ಹುಲ್ಲು ಅಥವಾ ಬರ್ಚ್ ಮರದ ಪರಾಗದ ಅಲರ್ಜಿ. ಮೂರು ವರ್ಷ ಇಂಜೆಕ್ಷನ್ ಪಡೆದವರಲ್ಲಿ ಆಸ್ತಮಾ ಬಂದದ್ದು ಕಡಿಮೆ. ಶುರುವಾಗಿ ಹತ್ತು ವರ್ಷ ಆದ ಮೇಲೂ ಆ ಲಾಭ ಉಳಿದಿತ್ತು. ಆಮೇಲೆ 812 ಮಕ್ಕಳಲ್ಲಿ ಹುಲ್ಲಿನ ಪರಾಗದ ಮಾತ್ರೆಯನ್ನು ಹುಸಿ ಮಾತ್ರೆಯ ಜೊತೆ ಹೋಲಿಸಿ ನೋಡಿದ 'ಗ್ಯಾಪ್' ಪ್ರಯೋಗ ಬಂತು. ಅದರ ಮುಖ್ಯ ಲೆಕ್ಕದಲ್ಲಿ, ಅಂದರೆ ಆಸ್ತಮಾ ಶುರುವಾಗುವ ಸಮಯದಲ್ಲಿ, ವ್ಯತ್ಯಾಸ ಸಿಗಲಿಲ್ಲ. ಆದರೆ ಆಸ್ತಮಾದ ಲಕ್ಷಣ, ಔಷಧಿಯ ಬಳಕೆ ಕಡಿಮೆಯಾಗಿತ್ತು. ಹೀಗಾಗಿ "ಈ ಸೂಜಿ ಹಾಕಿಸಿದರೆ ಆಸ್ತಮಾ ಬರೋದೇ ಇಲ್ಲ" ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ.

ಇಂಜೆಕ್ಷನ್ ಒಳ್ಳೆಯದಾ, ಹನಿನಾ?

ಹನಿ ಅಥವಾ ಮಾತ್ರೆಯನ್ನು ಮನೆಯಲ್ಲೇ ತೆಗೆದುಕೊಳ್ಳಬಹುದು, ದೊಡ್ಡ ರಿಯಾಕ್ಷನ್ ಅಪರೂಪ. ಮೊದಮೊದಲು ಬಾಯಿ ತುರಿಕೆ, ತುಟಿ ಊತ ಸಾಮಾನ್ಯ. ಮೊದಲ ಡೋಸನ್ನು ಮಾತ್ರ ಡಾಕ್ಟರ ಎದುರೇ ಕೊಡಬೇಕು. ತೊಂದರೆ ಇರುವುದು ಶಿಸ್ತಿನಲ್ಲಿ. ದಿನಾ ನೆನಪಿಟ್ಟು ಕೊಡಬೇಕು, ಮೂರು ವರ್ಷ. ಮಕ್ಕಳ ಆಸ್ತಮಾಕ್ಕೆ ಪುರಾವೆ ಇಂಜೆಕ್ಷನ್ ಪರವಾಗಿ ಸ್ವಲ್ಪ ಜಾಸ್ತಿ ಇದೆ. ಅಮೆರಿಕದ 2020ರ ಮಾರ್ಗಸೂಚಿ ಐದು ವರ್ಷ ಮೇಲ್ಪಟ್ಟವರ ಸೌಮ್ಯ ಮತ್ತು ಮಧ್ಯಮ ಅಲರ್ಜಿ ಆಸ್ತಮಾಕ್ಕೆ, ಇತರ ಔಷಧಿಯ ಜೊತೆಗೆ ಇಂಜೆಕ್ಷನ್ ಕೊಡಬಹುದು ಅನ್ನುತ್ತದೆ. ಹನಿ, ಮಾತ್ರೆಯನ್ನು ಬರೀ ಆಸ್ತಮಾಕ್ಕೆಂದೇ ಕೊಡುವುದನ್ನು ಅದು ಬೆಂಬಲಿಸಿಲ್ಲ.

ಅಪಾಯ ಇದೆಯಾ?

ಇದೆ, ಮುಚ್ಚಿಡುವುದು ಬೇಡ. ಚುಚ್ಚಿದ ಜಾಗ ಕೆಂಪಾಗಿ ಊದಿಕೊಳ್ಳುವುದು ಮಾಮೂಲು. ಅಪರೂಪಕ್ಕೆ ಇಡೀ ಮೈಗೆ ರಿಯಾಕ್ಷನ್ ಆಗುತ್ತದೆ. ಮೈತುಂಬಾ ಪಿತ್ತದ ಗಂಧೆ, ಉಬ್ಬಸ, ತಲೆಸುತ್ತು, ಬಿಪಿ ಇಳಿಯುವುದು. ಬ್ರಿಟನ್ನಿನಲ್ಲಿ 1957ರಿಂದ 26 ಜನ ಇದರಿಂದ ಸತ್ತಿದ್ದಾರೆಂದು ಅಲ್ಲಿನ ಔಷಧ ಸುರಕ್ಷತಾ ಸಮಿತಿ 1986ರಲ್ಲಿ ವರದಿ ಮಾಡಿತು. ಅವರಲ್ಲಿ ಆಸ್ತಮಾ ರೋಗಿಗಳೇ ಹೆಚ್ಚು. ಅಲ್ಲಿಂದ ಮುಂದೆ ನಿಯಮಗಳು ಬಿಗಿಯಾದವು, ಆಸ್ತಮಾ ಹತೋಟಿಯಲ್ಲಿ ಇಲ್ಲದವರಿಗೆ ಸೂಜಿ ಬೇಡ ಅನ್ನುವ ಎಚ್ಚರ ಎಲ್ಲೆಡೆ ಬಂತು.

ಹಾಗಾಗಿ ಒಳ್ಳೆಯ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ದಿನ ಹೀಗಿರುತ್ತದೆ. ನಿನ್ನೆ ರಾತ್ರಿ ಕೆಮ್ಮಿತ್ತಾ, ಜ್ವರ ಇದೆಯಾ, ಹೋದ ಸಲ ಕೈ ಎಷ್ಟು ಊದಿತ್ತು ಅಂತ ಮೊದಲು ಕೇಳುತ್ತಾರೆ. ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡುತ್ತಾರೆ, ಉಸಿರು ಹೊರಬರುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಊದಿಸುತ್ತಾರೆ. ಸುಯ್ ಅನ್ನುವ ಶಬ್ದ ಇದ್ದರೆ ಅವತ್ತು ಸೂಜಿ ಇಲ್ಲ, ವಾಪಸ್ ಕಳಿಸುತ್ತಾರೆ. ಎಲ್ಲ ಸರಿ ಇದ್ದರೆ ಬಾಟಲಿಯ ಹೆಸರು, ಡೋಸ್ ಇನ್ನೊಮ್ಮೆ ಓದಿ, ತೋಳಿನ ಹಿಂಭಾಗದಲ್ಲಿ ಸಣ್ಣ ಸೂಜಿಯಿಂದ ಚುಚ್ಚುತ್ತಾರೆ. ಆಮೇಲೆ ಕನಿಷ್ಠ 30 ನಿಮಿಷ ಅಲ್ಲೇ ಕೂರಬೇಕು. ಆಟೋ ಕಾಯ್ತಿದೆ, ಟ್ಯೂಷನ್‌ಗೆ ಲೇಟಾಯ್ತು ಅಂತ ಎದ್ದು ಹೋಗುವಂತಿಲ್ಲ. ಗಂಭೀರ ರಿಯಾಕ್ಷನ್ ಬಹುಪಾಲು ಈ ಅರ್ಧ ಗಂಟೆಯಲ್ಲೇ ಕಾಣಿಸುತ್ತದೆ. ಆಗ ಮೊದಲ ಮದ್ದು ತೊಡೆಗೆ ಅಡ್ರಿನಲಿನ್. ಅವತ್ತು ಸಂಜೆ ಫುಟ್‌ಬಾಲ್, ಓಟ ಬೇಡ.

ಬಾಟಲಿ ಮನೆಗೆ ತಂದು ಪಕ್ಕದ ಬೀದಿಯ ನರ್ಸ್ ಹತ್ತಿರ ಹಾಕಿಸಬಹುದಾ?

ಬೇಡ. ಅಲ್ಲಿ ಅಡ್ರಿನಲಿನ್, ಆಕ್ಸಿಜನ್, ಅದನ್ನು ಬಳಸಿ ಗೊತ್ತಿರುವ ಡಾಕ್ಟರು ಇದ್ದಾರಾ? ಇಲ್ಲ ಅಂದರೆ ಅಲ್ಲಿ ಹಾಕಿಸುವ ಮಾತೇ ಇಲ್ಲ. ಈ ಔಷಧಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಬಾರದು. ಕರೆಂಟ್ ಹೋಗಿ ಬರುವ ಮನೆಯ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆ ಪಕ್ಕ, ಅದು ಕೆಟ್ಟರೂ ನಿಮಗೆ ಗೊತ್ತಾಗುವುದಿಲ್ಲ.

ಬೆಂಗಳೂರು ಬಿಟ್ಟು ಊರಿಗೆ ಹೋದರೆ ಸರಿಹೋಗಲ್ವಾ?

ಬೆಂಗಳೂರಿಗೆ ಕೆಟ್ಟ ಹೆಸರು ಬಂದಿರುವುದು ಸುಮ್ನೆ ಅಲ್ಲ. ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ 1979ರಲ್ಲಿ ಶೇ. 9ರಷ್ಟಿದ್ದ ಮಕ್ಕಳ ಆಸ್ತಮಾ 1999ಕ್ಕೆ ಶೇ. 29.5ಕ್ಕೆ ಏರಿತ್ತು. ವಾಹನದ ಹೊಗೆ ಉರಿಯೂತಕ್ಕೆ ತುಪ್ಪ ಸುರಿಯುತ್ತದೆ ನಿಜ. ಆದರೆ ಧೂಳಿನ ಹುಳ ಹಳ್ಳಿಯ ಹಾಸಿಗೆಯಲ್ಲೂ ಇದೆ. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಕಾಣಿಸಿಕೊಂಡ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಈಗ ಯಾವ ಊರಿನ ರಸ್ತೆ ಬದಿಯಲ್ಲಿ ಇಲ್ಲ ಹೇಳಿ? ಊರು ಬದಲಿಸುವ ಮೊದಲು ದಿಂಬು, ಹಾಸಿಗೆಗೆ ಹುಳ ದಾಟದ ಕವರ್ ಹಾಕಿ, ಹೊದಿಕೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ.

ಹೈದರಾಬಾದಿನ ಮೀನಿನ ಮದ್ದು?

ಮೃಗಶಿರ ಮಳೆ ಹೊತ್ತಿಗೆ ನಮ್ಮ ಕಡೆಯಿಂದಲೂ ತುಂಬಾ ಜನ ಹೋಗುತ್ತಾರೆ. ಅದರಿಂದ ಆಸ್ತಮಾ ಗುಣವಾಗುತ್ತದೆ ಅನ್ನುವುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಹೋಗಲೇಬೇಕು ಅಂತ ಅಜ್ಜಿ ಹಟ ಹಿಡಿದರೆ ಇನ್ಹೇಲರ್ ಬ್ಯಾಗಿನಲ್ಲಿರಲಿ.

ಇಂಜೆಕ್ಷನ್ ಶುರುವಾದ ಮೇಲೆ ಇನ್ಹೇಲರ್ ಬಿಡಬಹುದಾ?

ನೀವಾಗಿಯೇ ಬಿಡಬೇಡಿ. ಇನ್ಹೇಲರಿನ ಸ್ಟೀರಾಯ್ಡ್ ಇವತ್ತಿನ ಉರಿಯೂತವನ್ನು ಹತೋಟಿಯಲ್ಲಿಡುತ್ತದೆ. ಇಂಜೆಕ್ಷನ್ ಮುಂದಿನ ವರ್ಷಗಳಿಗಾಗಿ. ಇನ್ಹೇಲರ್ ಬಿಟ್ಟು ಆಸ್ತಮಾ ಕೆದರಿದರೆ ಇಂಜೆಕ್ಷನ್ನೇ ಅಪಾಯಕಾರಿ ಆಗುತ್ತದೆ. ಆರು ತಿಂಗಳು, ವರ್ಷ ಆದ ಮೇಲೆ ಮಗು ಚೆನ್ನಾಗಿದ್ದರೆ ಡಾಕ್ಟರೇ ಡೋಸ್ ಇಳಿಸುತ್ತಾರೆ.

ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಐಜಿಜಿ4 ಟೆಸ್ಟ್ ಮಾಡಿಸಲಾ?

ಬೇಕಿಲ್ಲ. ಗುಂಪಿನಲ್ಲಿ ನೋಡಿದರೆ ಐಜಿಜಿ4 ಏರುತ್ತದೆ, ಆದರೆ ಒಂದು ಮಗುವಿನ ಅಂಕಿ ನೋಡಿ ಆ ಮಗು ಸುಧಾರಿಸುತ್ತದೋ ಇಲ್ಲವೋ ಹೇಳಲು ಆಗುವುದಿಲ್ಲ. ಒಂದು ನೋಟ್‌ಬುಕ್ ಇಡಿ. ರಾತ್ರಿ ಎಷ್ಟು ಸಲ ಎದ್ದ, ದಮ್ಮು ಕಟ್ಟಿದಾಗ ಬಳಸುವ ನೀಲಿ ಪಂಪ್ ಎಷ್ಟು ಸಲ ಬೇಕಾಯ್ತು, ಶಾಲೆ ಎಷ್ಟು ದಿನ ತಪ್ಪಿತು, ಇಷ್ಟು ಬರೆಯಿರಿ. ಸರಿಯಾದ ಡೋಸಿಗೆ ಬಂದು ಒಂದು ವರ್ಷ ಆದರೂ ಪುಸ್ತಕದಲ್ಲಿ ಏನೂ ಬದಲಾಗಿಲ್ಲ ಅಂದರೆ ನಿಲ್ಲಿಸುವ ಬಗ್ಗೆ ಮಾತಾಡಬೇಕು.

ಚೆನ್ನಾಗಿದ್ದಾನೆ, ಎರಡು ವರ್ಷಕ್ಕೇ ನಿಲ್ಲಿಸಿದರೆ?

ಆಗ ಲಾಭ ಉಳಿಯದೇ ಹೋಗಬಹುದು. ಹುಲ್ಲಿನ ಪರಾಗದ ಅಲರ್ಜಿ ಇರುವ ದೊಡ್ಡವರಿಗೆ ಎರಡು ವರ್ಷ ನಾಲಿಗೆ ಕೆಳಗಿನ ಮಾತ್ರೆ ಕೊಟ್ಟು ನಿಲ್ಲಿಸಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಮೂರನೇ ವರ್ಷ ಅವರಿಗೂ ಹುಸಿ ಮದ್ದು ಪಡೆದವರಿಗೂ ವ್ಯತ್ಯಾಸ ಉಳಿದಿರಲಿಲ್ಲ. ಪೂರ್ತಿ ಮೂರು ವರ್ಷ ಮುಗಿಸಿದವರ ಕಥೆ ಬೇರೆ. ನಿಲ್ಲಿಸಿದ ಮೇಲೆ ಅವರ ರಕ್ತದಲ್ಲಿ ಐಜಿಜಿ4 ಪ್ರಮಾಣ ಇಳಿಯುತ್ತದೆ, ಆದರೆ ಅಲರ್ಜಿ ವಸ್ತುವನ್ನು ತಡೆಯುವ ಅದರ ಗುಣ ಬಹಳ ಮಟ್ಟಿಗೆ ಉಳಿದಿರುತ್ತದೆ. ಶುರು ಮಾಡುವ ಮೊದಲೇ ಖರ್ಚು, ರಜೆ, ಓಡಾಟ ಎಲ್ಲವನ್ನೂ ಮೂರು ವರ್ಷಕ್ಕೆ ಲೆಕ್ಕ ಹಾಕಿ ಅನ್ನುವುದು ಇದಕ್ಕೇ.

ಪರೀಕ್ಷೆ, ಮದುವೆ, ಪ್ರವಾಸ ಅಂತ ಡೋಸ್ ತಪ್ಪಿದರೆ?

ಮನೆಯಲ್ಲಿ ಕೊಡುವ ಹನಿ ಒಂದು ದಿನ ತಪ್ಪಿದರೆ ಮರುದಿನ ಎಂದಿನಷ್ಟೇ ಕೊಡಿ, ಎರಡು ಪಟ್ಟು ಬೇಡ. ಇಂಜೆಕ್ಷನ್ ಆದರೆ ಎಷ್ಟು ದಿನ ತಡವಾಯಿತು ಅನ್ನುವುದರ ಮೇಲೆ ಡೋಸನ್ನು ಇಳಿಸಿ ಮತ್ತೆ ಏರಿಸಬೇಕಾಗುತ್ತದೆ. ಕಾರ್ಡಿನಲ್ಲಿ ಹಿಂದಿನ ತಾರೀಕು, ಹಿಂದಿನ ಡೋಸ್ ಇರುತ್ತದೆ. ಹೊಸ ಸಿಸ್ಟರ್ ಇದ್ದರೆ ಸೂಜಿ ಎತ್ತುವ ಮೊದಲೇ ಆ ಕಾರ್ಡ್ ತೋರಿಸಿ.